ಪಿಟೀಲನ್ನು ನೆಟ್ಟಗೆ ನಿಲ್ಲಿಸಿದ ಗಾಯಕಿ: ಗೇಲಿನ್ ಲೀ ಅವರ ಕಸುಬು ಮತ್ತು ನಮ್ಮ ವೇದಿಕೆಗಳು

ಗೇಲಿನ್ ಲೀ ಪಿಟೀಲನ್ನು ಗಲ್ಲದ ಕೆಳಗೆ ಒತ್ತಿ ಹಿಡಿಯುವುದಿಲ್ಲ. ವಿದ್ಯುತ್ ಚಾಲಿತ ಗಾಲಿಕುರ್ಚಿಯಲ್ಲಿ ಕುಳಿತು, ವಾದ್ಯವನ್ನು ಮೈಯ ಮುಂದೆ ನೆಟ್ಟಗೆ ನಿಲ್ಲಿಸಿಕೊಂಡು, ಪಿಟೀಲಿನದೇ ಜಾತಿಯ ದೊಡ್ಡ ವಾದ್ಯವಾದ ಸೆಲ್ಲೊ ನುಡಿಸುವವರ ಹಾಗೆ ಕಮಾನನ್ನು ತಂತಿಗಳ ಮೇಲೆ ಅಡ್ಡಡ್ಡವಾಗಿ ಎಳೆಯುತ್ತಾರೆ. ಕಮಾನನ್ನು ಹಿಡಿಯುವ ಕ್ರಮವೂ ಪಿಟೀಲುವಾದಕರದಲ್ಲ. ಆಳೆತ್ತರದ ಡಬಲ್ ಬಾಸ್ ನುಡಿಸುವವರದು. ಅಮೆರಿಕದ ಮಿನ್ನೆಸೋಟ ರಾಜ್ಯದ ಡುಲೂತ್ ನಗರದಲ್ಲಿ ಬೆಳೆದ, 1984ರಲ್ಲಿ ಜನಿಸಿದ ಈ ಕಲಾವಿದೆ ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ, ತಾವೇ ಹಾಡುವವರು. 2016ರಲ್ಲಿ ಅಲ್ಲಿನ ಸಾರ್ವಜನಿಕ ಬಾನುಲಿ ಸಂಸ್ಥೆ ಎನ್‌ಪಿಆರ್ ನಡೆಸುವ ಟೈನಿ ಡೆಸ್ಕ್ ಸ್ಪರ್ಧೆಗೆ ಬಂದ ಆರು ಸಾವಿರಕ್ಕೂ ಮಿಕ್ಕ ಪ್ರವೇಶಗಳಲ್ಲಿ ಅವರ ಹಾಡು ಗೆದ್ದಿತು. ಅಲ್ಲಿಂದ ಮುಂದೆ ಅವರದು ಊರೂರು ತಿರುಗುವ ವೃತ್ತಿಪರ ಸಂಗೀತಗಾರ್ತಿಯ ಬದುಕು.

ಈ ಬದುಕನ್ನು ಕಾಸರಗೋಡಿನ ಕನ್ನಡ ಓದುಗರ ಮುಂದಿಡುವುದಕ್ಕೆ ನನಗೆ ಒಂದು ಕಾರಣವಿದೆ. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಮೊದಲಾದ ಊರುಗಳ ಮೇಲೆ, ಗೇರು ತೋಟಗಳ ಕೀಟನಿಯಂತ್ರಣಕ್ಕೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ಎರಡು ದಶಕಗಳಷ್ಟು ಕಾಲ ನಡೆದು 2000ದ ಹೊತ್ತಿಗೆ ನಿಂತಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶದಾದ್ಯಂತ ತಡೆ ಹಾಕಿತು. 2017ರ ಜನವರಿಯಲ್ಲಿ, ಅದರಿಂದ ಅಂಗವೈಕಲ್ಯಕ್ಕೂ ಕಾಯಿಲೆಗಳಿಗೂ ಈಡಾದ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರ ನೀಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆ ಹೋರಾಟಕ್ಕೆ ನೊಂದವರ ಭಾವಚಿತ್ರಗಳು ಬೇಕಾಗಿದ್ದವು, ವೈದ್ಯಕೀಯ ಪತ್ರಗಳು ಬೇಕಾಗಿದ್ದವು, ಕಣ್ಣೀರೂ ಬೇಕಾಗಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಷ್ಟು ವರ್ಷಗಳ ಬಳಿಕ ನಮ್ಮ ಜಿಲ್ಲೆಯಲ್ಲಿ ಅಂಗವೈಕಲ್ಯವೆಂದರೆ ಒಂದೋ ಸಾಕ್ಷ್ಯ, ಇಲ್ಲವೇ ಪರಿಹಾರ, ಅದೂ ಅಲ್ಲದಿದ್ದರೆ ಕರುಣೆ ಎಂಬಷ್ಟಕ್ಕೆ ಮಾತು ನಿಂತುಬಿಡುತ್ತದೆ. ದೇಹದಲ್ಲಿ ಮಿತಿಯಿರುವ ವ್ಯಕ್ತಿ ಹಾಡುಗಾರನಾದರೆ ನಾವು ಆತನ ಧೈರ್ಯವನ್ನು ಹೊಗಳುತ್ತೇವೆಯೇ ಹೊರತು ಶ್ರುತಿ, ಉಸಿರು, ಬೆರಳು, ಸಂಭಾವನೆ ಇವುಗಳ ಬಗ್ಗೆ ಕೇಳುವುದಿಲ್ಲ. ಕಲಾವಿದರಿಗೆ ಸಲ್ಲಬೇಕಾದ ಗೌರವ ಮಾತ್ರ ಅದೇ ಪ್ರಶ್ನೆಗಳಲ್ಲಿದೆ.

ಲೀ ಅವರಿಗಿರುವುದು ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಎಂಬ ಹುಟ್ಟಿನಿಂದಲೇ ಬರುವ ಸ್ಥಿತಿ. ಮೂಳೆಗೆ ಗಟ್ಟಿತನವನ್ನು ಕೊಡುವುದು ಸುಣ್ಣದ ಅಂಶವೊಂದೇ ಎಂದು ನಾವು ತಿಳಿದಿರುತ್ತೇವೆ. ವಾಸ್ತವದಲ್ಲಿ ಆ ಸುಣ್ಣವನ್ನು ಹಿಡಿದಿಡುವ ಹಂದರವಾಗಿ ಕೊಲಾಜನ್ ಎಂಬ ಸಸಾರಜನಕದ ಎಳೆಗಳು ಇರಬೇಕಾಗುತ್ತದೆ. ಈ ಎಳೆಗಳನ್ನು ತಯಾರಿಸುವ ವಂಶವಾಹಿಗಳಲ್ಲಿ ದೋಷವಿದ್ದಾಗ ಕೊಲಾಜನ್ ಸಾಲದೆ ಹೋಗುತ್ತದೆ ಅಥವಾ ಅದರ ರಚನೆಯೇ ಕೆಡುತ್ತದೆ. ಹಾಗಾಗಿ ಸಣ್ಣ ಒತ್ತಡಕ್ಕೂ ಮೂಳೆ ಮುರಿಯುತ್ತದೆ. ಸುಮಾರು ಹದಿನೈದರಿಂದ ಇಪ್ಪತ್ತು ಸಾವಿರ ಜನನಗಳಿಗೆ ಒಂದರಂತೆ ಇದು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಲಕ್ಷಣಗಳು ಸೌಮ್ಯವಾಗಿದ್ದು ದೊಡ್ಡವರಾದ ಮೇಲೆ ಗೊತ್ತಾಗುವುದೂ ಉಂಟು. ಲೀ ಅವರಲ್ಲಿ ಗರ್ಭದಲ್ಲಿರುವಾಗಲೇ ಮೂಳೆಗಳು ಮುರಿದು, ಬಾಗಿದ ಆಕಾರದಲ್ಲಿಯೇ ಕೂಡಿಕೊಂಡವು. ತೋಳುಗಳು ಗಿಡ್ಡ, ಮೈಯೂ ಸಣ್ಣದು. ಬುದ್ಧಿ, ಶ್ರವಣ, ಸ್ವರಜ್ಞಾನ ಯಾವುದಕ್ಕೂ ಕುಂದಿಲ್ಲ.

ಶಾಲೆಯಲ್ಲಿ ಅವರು ಐದನೇ ತರಗತಿಯ ಹೊತ್ತಿಗೆ ತಂತಿವಾದ್ಯ ಕಲಿಯಬೇಕೆಂದು ಮನಸ್ಸು ಮಾಡಿದ್ದರು. ಮಕ್ಕಳ ಕಿವಿಯ ಸೂಕ್ಷ್ಮತೆಯನ್ನು ಅಳೆಯುವ ಸಂಗೀತ ಪರೀಕ್ಷೆಯಲ್ಲಿ ಅವರಿಗೆ ಪೂರ್ತಿ ಅಂಕ ಬಂದದ್ದನ್ನು ಗಮನಿಸಿದ ಶಿಕ್ಷಕಿ, ಈ ಹುಡುಗಿಗೆ ಪಿಟೀಲು ಸಾಧ್ಯವಿಲ್ಲ ಎಂದು ತೀರ್ಮಾನಿಸುವ ಬದಲು, ಯಾವ ಹಿಡಿತದಲ್ಲಿ ಸಾಧ್ಯ ಎಂದು ಅವರೊಂದಿಗೆ ಕುಳಿತು ಹುಡುಕಿದರು. ಸೆಲ್ಲೊ ತೀರಾ ದೊಡ್ಡದಾಯಿತು. ಪಿಟೀಲನ್ನೇ ಸೆಲ್ಲೊ ಮಾಡಿಕೊಂಡರೆ ಹೇಗೆ ಎಂಬ ಯೋಚನೆಯಿಂದ ಇಂದಿನ ಹಿಡಿತ ಹುಟ್ಟಿತು. ಈ ಶಿಕ್ಷಕಿಯ ಬಗ್ಗೆ ನನಗೆ ಅಪಾರ ಗೌರವವಿದೆ. ವಾದ್ಯ ಕಲಿಸುವವರಲ್ಲಿ ಬಹುಮಂದಿ ಭಂಗಿಯನ್ನೇ ಶಾಸ್ತ್ರವೆಂದು ನಂಬಿರುತ್ತಾರೆ, ಭಂಗಿ ತಪ್ಪಿದರೆ ನಾದವೂ ತಪ್ಪುತ್ತದೆ ಎಂದು ಹೆದರಿಸುತ್ತಾರೆ.

ಆದರೆ ಪಿಟೀಲಿನ ಚರಿತ್ರೆಯನ್ನು ನಮ್ಮ ಕಡೆಯಿಂದಲೇ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಯುರೋಪಿನವರು ನಿಂತು ಅಥವಾ ಕುರ್ಚಿಯಲ್ಲಿ ಕುಳಿತು, ಭುಜದ ಮೇಲಿಟ್ಟು ನುಡಿಸುತ್ತಿದ್ದ ಈ ವಾದ್ಯವನ್ನು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಕರ್ನಾಟಕ ಸಂಗೀತಕ್ಕೆ ತಂದವರೆಂದು ಸಂಗೀತದ ಚರಿತ್ರೆ ಗುರುತಿಸುತ್ತದೆ. ನಮ್ಮ ವಿದ್ವಾಂಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವರು. ಎಡಗೈ ಗಮಕಕ್ಕಾಗಿ ತಂತಿಯುದ್ದಕ್ಕೂ ಜಾರಬೇಕಾದವರು. ಆದ್ದರಿಂದ ವಾದ್ಯದ ತುದಿಯನ್ನು ಬಲಗಾಲಿನ ಪಾದದ ಗಂಟಿಗೆ ಊರಿ, ಹಿಂಬದಿಯನ್ನು ಎದೆಗೆ ಒರಗಿಸುವ ಹೊಸ ಹಿಡಿತ ಬಂತು. ಅದನ್ನು ಇಂದು ಯಾರೂ ಕೊರತೆಯೆಂದು ಕರೆಯುವುದಿಲ್ಲ; ಒಂದು ಸಂಗೀತ ಪದ್ಧತಿಯ ಅಡಿಪಾಯವೇ ಅದಾಗಿದೆ. ಕೂರುವ ದೇಹಕ್ಕೆ ವಾದ್ಯ ಒಗ್ಗಿಕೊಂಡಿತು, ಆ ಒಗ್ಗುವಿಕೆಯಿಂದ ಹೊಸ ನಾದ ಸಿಕ್ಕಿತು. ಲೀ ಮತ್ತು ಅವರ ಶಿಕ್ಷಕಿ ಮಾಡಿದ್ದು ಇದೇ ಕೆಲಸವನ್ನು.

ದೇಹದ ಮಿತಿ ಸಂಗೀತದ ಒಳಗೇ ಇಳಿದು ರಚನೆಯನ್ನು ಬದಲಾಯಿಸಿದ ಇನ್ನೊಂದು ಪ್ರಸಿದ್ಧ ಉದಾಹರಣೆ ಕೆನಡಾದ ಜೋನಿ ಮಿಚೆಲ್ ಅವರದು. ಒಂಬತ್ತನೇ ವಯಸ್ಸಿನಲ್ಲಿ ಪೋಲಿಯೊ ತಗಲಿ ಅವರ ಎಡಗೈ ದುರ್ಬಲವಾಯಿತು. ಗಿಟಾರಿನ ರೂಢಿಯ ಶ್ರುತಿಯಲ್ಲಿ ಸ್ವರಮೇಳಗಳನ್ನು ಹಿಡಿಯಲು ಎಡಗೈಯ ಬೆರಳುಗಳು ಬಹಳ ಚಾಚಬೇಕು, ಬಿಗಿಯಾಗಿ ಒತ್ತಬೇಕು. ಮಿಚೆಲ್ ಬೆರಳನ್ನು ತಂತಿಗೆ ಒಗ್ಗಿಸುವ ಬದಲು ತಂತಿಗಳನ್ನೇ ಬೇರೆ ಬೇರೆ ಸ್ವರಗಳಿಗೆ ಬಿಗಿದುಕೊಂಡರು. ಬೆರಳೊತ್ತದೆ ಮೀಟಿದರೂ ಪೂರ್ಣ ಸ್ವರಮೇಳ ಕೇಳಿಸುವಂತಾಯಿತು. ಇಂಥ ಶ್ರುತಿಗಳನ್ನು ಅವರು ಐವತ್ತಕ್ಕೂ ಹೆಚ್ಚು ಬಗೆಗಳಲ್ಲಿ ಬಳಸಿದ್ದಾರೆ. ಬೇರೆ ಗಿಟಾರುವಾದಕರು ಅವರ ಹಾಡುಗಳನ್ನು ರೂಢಿಯ ಶ್ರುತಿಯಲ್ಲಿ ನುಡಿಸಹೊರಟರೆ ಆ ಬಣ್ಣ ಸಿಗದಿರುವುದು ಇದೇ ಕಾರಣಕ್ಕೆ.

ಕಂಠದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಹಾಡುವುದೆಂದರೆ ಮುಖ್ಯವಾಗಿ ಉಸಿರನ್ನು ಹದವಾಗಿ ಹೊರಬಿಡುವ ಕೆಲಸ. ಉಸಿರೆಳೆದುಕೊಳ್ಳುವುದು ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆಯಾದ ವಪೆಯ ಕೆಲಸವಾದರೆ, ಅದನ್ನು ಬೇಕಾದ ಒತ್ತಡದಲ್ಲಿ, ಬೇಕಾದಷ್ಟು ಹೊತ್ತು ಹೊರಗೆ ಕಳಿಸುವುದು ಪಕ್ಕೆಲುಬುಗಳ ನಡುವಿನ ಮತ್ತು ಹೊಟ್ಟೆಯ ಸ್ನಾಯುಗಳ ಕೆಲಸ. ವಪೆಯ ನರ ಕತ್ತಿನ ಮೂರನೆಯಿಂದ ಐದನೆಯ ಬೆನ್ನುಹುರಿಯ ಭಾಗದಿಂದ ಹೊರಡುತ್ತದೆ. ಹೊಟ್ಟೆಯ ಸ್ನಾಯುಗಳ ನರಗಳು ಅದಕ್ಕಿಂತ ಬಹಳ ಕೆಳಗೆ, ಎದೆಯ ಭಾಗದಿಂದ ಹೊರಡುತ್ತವೆ. ಆದ್ದರಿಂದ ಕತ್ತಿನ ಕೆಳಭಾಗದಲ್ಲಿ ಪೆಟ್ಟಾದವರಿಗೆ ಉಸಿರೆಳೆದುಕೊಳ್ಳುವುದು ಒಂದು ಮಟ್ಟಿಗೆ ಉಳಿದರೂ ಅದನ್ನು ಹಿಡಿದು ಬಿಡುವ ಬಲ ಹೋಗಿರುತ್ತದೆ. ಉದ್ದದ ಸಾಲೊಂದನ್ನು ಒಂದೇ ಉಸಿರಿನಲ್ಲಿ ಮುಗಿಸುವುದು ಅಸಾಧ್ಯವಾಗುತ್ತದೆ.

ಅಮೆರಿಕದ 'ಸೋಲ್' ಎಂಬ ಜನಪ್ರಿಯ ಸಂಗೀತ ಪ್ರಕಾರದ ದೊಡ್ಡ ಹೆಸರಾದ ಕರ್ಟಿಸ್ ಮೇಫೀಲ್ಡ್ ಅವರಿಗಾದದ್ದು ಇದೇ. 1990ರ ಆಗಸ್ಟ್ 13ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಬಯಲು ವೇದಿಕೆಯ ಮೇಲೆ ದೀಪಗಳ ಚೌಕಟ್ಟು ಅವರ ಮೇಲೆ ಉರುಳಿಬಿದ್ದು ಕತ್ತಿನಿಂದ ಕೆಳಗೆ ಮೈ ಸ್ವಾಧೀನ ತಪ್ಪಿತು. ಗಿಟಾರು ಶಾಶ್ವತವಾಗಿ ಕೈಬಿಟ್ಟುಹೋಯಿತು. ಆದರೂ 1996ರಲ್ಲಿ ಅವರ ಹೊಸ ಹಾಡುಗಳ ಸಂಪುಟ ಹೊರಬಂತು. ಅವರು ಅಂಗಾತ ಮಲಗಿ, ಒಂದೊಂದೇ ಸಾಲನ್ನು ಬಿಡಿಬಿಡಿಯಾಗಿ ಹಾಡಿದ್ದರು. ಧ್ವನಿಮುದ್ರಕರು ಅವನ್ನು ಒಂದಕ್ಕೊಂದು ಜೋಡಿಸಿದ್ದರು. ಮಲಗುವುದರಿಂದ ಉಪಯೋಗವೇನೆಂದರೆ, ಹೊಟ್ಟೆಯ ಒಳಗಿನ ಅಂಗಗಳು ವಪೆಯನ್ನು ಮೇಲಕ್ಕೆ ತಳ್ಳುತ್ತವೆ, ಅದು ಚೆನ್ನಾಗಿ ಚಲಿಸಬಲ್ಲ ಸ್ಥಾನಕ್ಕೆ ಬರುತ್ತದೆ. ಸ್ನಾಯುಗಳು ಮಾಡಬೇಕಾದ ಕೆಲಸದ ಒಂದು ಪಾಲನ್ನು ಭೂಮಿಯ ಸೆಳೆತವೇ ಮಾಡಿಕೊಡುತ್ತದೆ. ಕೇಳುಗರಿಗೆ ಈ ವಿವರ ಗೊತ್ತಿದ್ದರೆ ಆ ಹಾಡುಗಳ ಸಣ್ಣ ಸಣ್ಣ ಸಾಲುಗಳು, ನಡುವಿನ ಬಿಡುವುಗಳು ಬೇರೆಯೇ ಆಗಿ ಕೇಳಿಸುತ್ತವೆ. ಮೇಫೀಲ್ಡ್ 1999ರ ಡಿಸೆಂಬರಿನಲ್ಲಿ ತೀರಿಕೊಂಡರು.

ಲೀ ಅವರ ವೃತ್ತಿಗೆ ಹಿಂದಿರುಗೋಣ. ಅವರ ಹೆತ್ತವರು ಊಟದೊಂದಿಗೆ ನಾಟಕ ತೋರಿಸುವ ರಂಗಮಂದಿರವೊಂದನ್ನು ನಡೆಸುತ್ತಿದ್ದುದರಿಂದ ರಂಗದ ವಾತಾವರಣ ಅವರಿಗೆ ಮನೆಯಲ್ಲಿಯೇ ಇತ್ತು. ಕಾಲೇಜಿನಲ್ಲಿ ಓದಿದ್ದು ರಾಜ್ಯಶಾಸ್ತ್ರ. ಬಳಿಕ ಡುಲೂತ್‌ನಲ್ಲಿ ಮಕ್ಕಳಿಗೂ ದೊಡ್ಡವರಿಗೂ ಪಿಟೀಲು ಪಾಠ ಹೇಳುತ್ತ, ಜಾನಪದ ಧಾಟಿಗಳನ್ನು ನುಡಿಸುತ್ತ ಇದ್ದರು. ರೈತರ ಸಂತೆಯೊಂದರಲ್ಲಿ ಅವರ ವಾದನವನ್ನು ಕೇಳಿದ, ಅದೇ ಊರಿನ 'ಲೋ' ತಂಡದ ಅಲನ್ ಸ್ಪಾರ್‌ಹಾಕ್ ಅವರೊಂದಿಗೆ ಸೇರಿ ನುಡಿಸತೊಡಗಿದರು. ಲೂಪ್ ಪೆಡಲ್ ಎಂಬ ಸಾಧನದ ಪರಿಚಯವೂ ಅವರ ಮೂಲಕವೇ ಆಯಿತು. ನುಡಿಸಿದ ಒಂದು ತುಣುಕನ್ನು ಅಲ್ಲಿಯೇ ಮುದ್ರಿಸಿಕೊಂಡು ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ ಇದು. ಮೊದಲು ತಂತಿಯನ್ನು ಮೀಟಿ ಒಂದು ಲಯವನ್ನು ಹಿಡಿದಿಡುವುದು, ಅದು ತಿರುಗುತ್ತಿರುವಂತೆಯೇ ಕಮಾನಿನಿಂದ ಒಂದು ದೀರ್ಘ ಆಧಾರಸ್ವರ ಸೇರಿಸುವುದು, ಅದರ ಮೇಲೆ ಇನ್ನೊಂದು ಪಲುಕು, ಕೊನೆಗೆ ಹಾಡು. ಹೀಗೆ ಒಂದೇ ಪಿಟೀಲಿನ ಮೇಲೆ ಒಬ್ಬರೇ ಕುಳಿತು ನಾಲ್ಕಾರು ಮಂದಿಯ ಮೇಳವನ್ನು ಸಭೆಯ ಎದುರಲ್ಲೇ ಕಟ್ಟಬಹುದು. ನಮ್ಮ ತಂಬೂರದ ಶ್ರುತಿಯೊಳಗೆ ಹಾಡಿ ರೂಢಿಯಿರುವ ಕಿವಿಗೆ ಅವರ ಸಂಗೀತ ಬೇಗ ಆಪ್ತವಾಗಲು ಈ ನಿರಂತರ ಆಧಾರಸ್ವರವೂ ಒಂದು ಕಾರಣವೆಂದು ನನಗೆ ಅನ್ನಿಸುತ್ತದೆ. ಸ್ಪರ್ಧೆ ಗೆದ್ದ ಹಾಡು ರೂಪುಗೊಂಡದ್ದು ಈ ಕ್ರಮದಲ್ಲಿಯೇ.

ಗೆದ್ದ ವರ್ಷವೇ ಲೀ ಮತ್ತು ಅವರ ಪತಿ ಮನೆಯನ್ನು ಮಾರಿ, ವ್ಯಾನೊಂದನ್ನು ಕೊಂಡು, ಕಛೇರಿಗಳಿಗಾಗಿ ತಿರುಗಾಟಕ್ಕೆ ಹೊರಟರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ, ಯುರೋಪಿನಲ್ಲಿಯೂ ಹಾಡಿದರು. 2022ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಲ್ಲಿ, ಡೇನಿಯಲ್ ಕ್ರೇಗ್ ನಟಿಸಿದ 'ಮ್ಯಾಕ್‌ಬೆತ್' ನಾಟಕಕ್ಕೆ ಸಂಗೀತ ರಚಿಸಿದರು. ತಿರುಗಾಟದಲ್ಲಿ ಅವರಿಗೆ ಎದುರಾದ ನಿಜವಾದ ತೊಡಕು ಮೂಳೆಗಳದಲ್ಲ, ಮೆಟ್ಟಿಲುಗಳದು. ಪ್ರೇಕ್ಷಕರ ಬಾಗಿಲಿಗೆ ಇಳಿಜಾರು ಇರುವ ಸಭಾಂಗಣಗಳಲ್ಲಿಯೂ ವೇದಿಕೆಗೆ ಇರುವುದು ಮೆಟ್ಟಿಲು ಮಾತ್ರ. ಗಾಲಿಕುರ್ಚಿಯವರು ಕೇಳಲು ಬರುತ್ತಾರೆಂದು ಕಟ್ಟಿದವರಿಗೆ ಹೊಳೆದಿರುತ್ತದೆ, ಹಾಡಲು ಬರುತ್ತಾರೆಂದು ಹೊಳೆದಿರುವುದಿಲ್ಲ. ಎಷ್ಟೋ ಕಡೆ ವೇದಿಕೆಯ ಮುಂದೆ ನೆಲದ ಮೇಲೆಯೇ ಕುಳಿತು ಹಾಡಿದ ಬಳಿಕ, ವೇದಿಕೆಗೆ ಏರಲಾಗದ ಕಡೆ ಕಛೇರಿ ಒಪ್ಪಿಕೊಳ್ಳುವುದಿಲ್ಲವೆಂಬ ನಿಲುವಿಗೆ ಅವರು ಬಂದರು. ದೃಷ್ಟಿಮಾಂದ್ಯವಿರುವ ಗಾಯಕಿ ಲಾಚಿ ಅವರೊಂದಿಗೆ ಸೇರಿ, ವಿಶೇಷಚೇತನ ಸಂಗೀತ ವೃತ್ತಿಪರರ 'ರ‍್ಯಾಂಪ್ಡ್' ಎಂಬ ಸಂಘಟನೆಯನ್ನು ಕಟ್ಟಿದರು. ಅದು 2022ರ ಜನವರಿಯಲ್ಲಿ ಸಾರ್ವಜನಿಕವಾಗಿ ಕೆಲಸ ಆರಂಭಿಸಿತು.

ವೇದಿಕೆಯ ಅಡಚಣೆ ಕಲ್ಲು ಸಿಮೆಂಟಿನದು ಮಾತ್ರವೂ ಅಲ್ಲ. ಇಂಗ್ಲೆಂಡಿನ ರಾಬರ್ಟ್ ವಯಟ್ ಮೊದಲು ಡ್ರಮ್ ವಾದಕರಾಗಿದ್ದವರು. 1973ರ ಜೂನ್ 1ರಂದು ಕಿಟಕಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೆ, ಕಾಲಿನ ಪೆಡಲುಗಳಿಲ್ಲದೆ ಡ್ರಮ್ ನುಡಿಸಲಾಗದೆ, ಕೀಬೋರ್ಡ್ ಹಿಡಿದು ಹಾಡು ಕಟ್ಟುವವರಾದರು. 1974ರಲ್ಲಿ ಬಿಬಿಸಿಯ ಜನಪ್ರಿಯ ಸಂಗೀತ ಕಾರ್ಯಕ್ರಮಕ್ಕೆ ಅವರು ಹೋದಾಗ, ಕುಟುಂಬಸಮೇತ ನೋಡುವ ಕಾರ್ಯಕ್ರಮದಲ್ಲಿ ಗಾಲಿಕುರ್ಚಿ ಕಾಣಿಸುವುದು ಸರಿಯಲ್ಲವೆಂದು ನಿರ್ಮಾಪಕರು ಆಕ್ಷೇಪ ಎತ್ತಿದರು. ವಯಟ್ ಜಗಳವಾಡಿ, ಗಾಲಿಕುರ್ಚಿಯಲ್ಲಿಯೇ ಕುಳಿತು ಹಾಡಿದರು.

ಇನ್ನು ಹಣದ ಮಾತು. ಅಮೆರಿಕದಲ್ಲಿ ತೀವ್ರ ಅಂಗವೈಕಲ್ಯವುಳ್ಳ ಬಡವರಿಗೆ ಸಿಗುವ ಎಸ್‌ಎಸ್‌ಐ ಎಂಬ ಸರಕಾರಿ ನೆರವಿಗೆ ಒಂದು ನಿಬಂಧನೆಯಿದೆ: ಪಡೆಯುವ ವ್ಯಕ್ತಿಯ ಲೆಕ್ಕಕ್ಕೆ ಬರುವ ಉಳಿತಾಯ 2,000 ಡಾಲರ್ ಮೀರಬಾರದು. 1989ರಿಂದ ಈ ಮಿತಿ ಏರಿಲ್ಲ. ಸಂಗೀತಗಾರರ ಆದಾಯ ತಿಂಗಳ ಸಂಬಳದಂತೆ ಬರುವುದಲ್ಲ; ಒಂದು ತಿಂಗಳು ತಿರುಗಾಟ ಮುಗಿಸಿ ಕೈತುಂಬ ದುಡ್ಡು, ಮುಂದಿನ ಮೂರು ತಿಂಗಳು ಖಾಲಿ. ದುಡ್ಡು ಬಂದ ತಿಂಗಳಲ್ಲಿ ನೆರವು ತಪ್ಪಿತೆಂದರೆ, ಅದಕ್ಕೆ ಅಂಟಿಕೊಂಡಿರುವ ವೈದ್ಯಕೀಯ ಸೌಲಭ್ಯವೂ ಸಹಾಯಕರ ವೇತನವೂ ಕೈತಪ್ಪುವ ಭಯ ಇದ್ದೇ ಇರುತ್ತದೆ. ಹೀಗಾಗಿ ಒಳ್ಳೆಯ ಕಛೇರಿಯೊಂದನ್ನು ಒಪ್ಪಿಕೊಳ್ಳುವುದೇ ಅಪಾಯವೆನಿಸುವ ವಿಚಿತ್ರ ಸ್ಥಿತಿ. ಕೇರಳದ ಸಾಮಾಜಿಕ ಭದ್ರತಾ ಪಿಂಚಣಿಗೂ ಕುಟುಂಬದ ವಾರ್ಷಿಕ ಆದಾಯ ಒಂದು ಲಕ್ಷ ರೂಪಾಯಿ ಮೀರಬಾರದೆಂಬ ಮಿತಿಯಿದೆ. ಭಜನೆ, ತಾಳಮದ್ದಳೆ, ಮದುವೆ ಮನೆಯ ಗಾನಮೇಳಗಳಿಂದ ಬಿಡಿಬಿಡಿಯಾಗಿ ಸಂಪಾದಿಸುವ ಕಲಾವಿದರಿಗೆ ಈ ಲೆಕ್ಕಾಚಾರದ ಕಷ್ಟ ನಮ್ಮಲ್ಲಿಯೂ ಅರ್ಥವಾಗದ್ದಲ್ಲ.

ನಮ್ಮ ಗಡಿನಾಡಿನ ಕಲೆಗಳನ್ನು ಈ ಕಣ್ಣಿನಿಂದ ನೋಡಿದಾಗ ಒಂದು ಅನುಕೂಲ ಎದ್ದು ಕಾಣುತ್ತದೆ. ಪಾಶ್ಚಾತ್ಯ ಜನಪ್ರಿಯ ಸಂಗೀತ ನಿಂತು ಹಾಡುವವರನ್ನು ಕಲ್ಪಿಸಿಕೊಂಡು ಬೆಳೆದದ್ದು. ನಮ್ಮದು ಕುಳಿತು ಹಾಡುವವರದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನೊಂದಿಗೆ ಬೆಳೆದುಬಂದ ತೆಂಕುತಿಟ್ಟು ಯಕ್ಷಗಾನದ ಹಿಮ್ಮೇಳವನ್ನೇ ನೋಡಿ: ಚೆಂಡೆಯವರು ನಿಲ್ಲುತ್ತಾರೆ, ಆದರೆ ಜಾಗಟೆ ಹಿಡಿದ ಭಾಗವತರೂ ಮದ್ದಳೆಯವರೂ ಕುಳಿತೇ ಇಡೀ ಪ್ರಸಂಗವನ್ನು ನಡೆಸುತ್ತಾರೆ. ತಾಳಮದ್ದಳೆಯಲ್ಲಂತೂ ಅರ್ಥಧಾರಿಗಳೂ ಕುಳಿತೇ ಇರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಮಾತು ಮತ್ತು ಪದ್ಯ ಮಾತ್ರ. ಕಾಲಿನ ಶಕ್ತಿ ಇಲ್ಲದವರೂ ಸರಿಸಮನಾಗಿ, ಯಾರ ರಿಯಾಯಿತಿಯನ್ನೂ ಕೇಳದೆ ಪಾಲ್ಗೊಳ್ಳಬಹುದಾದ ಇಂಥ ಪ್ರೌಢ ಕಲೆಗಳು ಹೆಚ್ಚಿಲ್ಲ. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರು ಪೀಠಾಧಿಪತಿಗಳಾಗಿದ್ದುಕೊಂಡೇ ಭಾಗವತಿಕೆಯನ್ನೂ ಮಾಡುತ್ತಿದ್ದುದನ್ನು ಕಂಡ ಜಿಲ್ಲೆಯಲ್ಲಿ, ಹಾಡುವ ಪೀಠಕ್ಕೆ ಯಾರು ತಕ್ಕವರೆಂಬ ಮನಸ್ಸು ವಿಶಾಲವಾಗಿರುವುದಕ್ಕೆ ಆಧಾರವೂ ಇದೆ. ಇತ್ತೀಚೆಗೆ ಊರೂರಲ್ಲಿ ಹಬ್ಬಿರುವ ಕುಣಿತ ಭಜನೆಯ ಉತ್ಸಾಹ ನನಗೂ ಸಂತೋಷವೇ; ಆದರೆ ಅದರ ಭರದಲ್ಲಿ, ಹಿಂದಿನಂತೆ ಹಾರ್ಮೋನಿಯಂ ಸುತ್ತ ಕುಳಿತು ಹಾಡುವ ಭಜನೆ ಮರೆಯಾದರೆ ಕೆಲವರ ಸ್ಥಾನವೇ ಇಲ್ಲವಾಗುತ್ತದೆ.

ಬೌದ್ಧಿಕ ಅಂಗವೈಕಲ್ಯವಿರುವವರಿಗಾಗಿ ಪಂಚಾಯತುಗಳು ನಡೆಸುವ ಬಡ್ಸ್ ಶಾಲೆಗಳ ಮಕ್ಕಳಿಗೆ ಪ್ರತ್ಯೇಕ ಕಲೋತ್ಸವ ನಡೆಯುತ್ತದೆ. ಅದು ಬೇಕು. ಆದರೆ ಪ್ರತ್ಯೇಕ ವೇದಿಕೆಯಲ್ಲಿ ಸಿಗುವ ಚಪ್ಪಾಳೆಯಿಂದ ವೃತ್ತಿ ಬೆಳೆಯುವುದಿಲ್ಲ. ಕನ್ನಡ ಕಾವ್ಯಾಲಾಪನೆಯಲ್ಲಿ, ಯಕ್ಷಗಾನದಲ್ಲಿ ಸ್ಪರ್ಧೆ ನಡೆಯುವ ಸಾಮಾನ್ಯ ಶಾಲಾ ಕಲೋತ್ಸವದ ವೇದಿಕೆಗೆ ಗಾಲಿಕುರ್ಚಿಯ ಮಗು ಏರುವಂತಾಗಬೇಕು, ಆ ಮಗುವಿನ ಸ್ವರವನ್ನು ಉಳಿದವರದರಂತೆಯೇ ಕಟ್ಟುನಿಟ್ಟಾಗಿ ತೀರ್ಪುಗಾರರು ಅಳೆಯಬೇಕು.

ಕಾನೂನು ಈ ಮಟ್ಟಿಗೆ ನಮ್ಮ ಅಭ್ಯಾಸಕ್ಕಿಂತ ಬಹಳ ಮುಂದಿದೆ. 2017ರ ಏಪ್ರಿಲ್ 19ರಂದು ಜಾರಿಗೆ ಬಂದ, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 29ನೇ ಸೆಕ್ಷನ್ ಸಾಂಸ್ಕೃತಿಕ ಬದುಕನ್ನೇ ಕುರಿತದ್ದು. ವಿಶೇಷಚೇತನ ಕಲಾವಿದರಿಗೂ ಬರಹಗಾರರಿಗೂ ಸೌಲಭ್ಯ, ಬೆಂಬಲ, ಪ್ರಾಯೋಜನೆ ಒದಗಿಸಬೇಕೆಂದೂ, ಕಲಾವಿಷಯಗಳ ಪಠ್ಯಕ್ರಮವನ್ನು ಅವರು ಪಾಲ್ಗೊಳ್ಳುವಂತೆ ಮರುರೂಪಿಸಬೇಕೆಂದೂ ಅದು ಸರಕಾರಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಹೇಳುತ್ತದೆ. 45ನೇ ಸೆಕ್ಷನ್ ಪ್ರಕಾರ, ಈಗಾಗಲೇ ಇರುವ ಸಾರ್ವಜನಿಕ ಕಟ್ಟಡಗಳು ನಿಯಮ ಪ್ರಕಟವಾದ ಐದು ವರ್ಷಗಳೊಳಗೆ ಎಲ್ಲರಿಗೂ ಪ್ರವೇಶಯೋಗ್ಯ ಆಗಬೇಕಿತ್ತು. ನಿಯಮಗಳು 2017ರ ಜೂನ್‌ನಲ್ಲಿ ಪ್ರಕಟವಾದ್ದರಿಂದ ಆ ಗಡುವು 2022ರಲ್ಲಿಯೇ ಮುಗಿದಿದೆ. ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟು 2024ರ ನವೆಂಬರ್ 8ರ ತೀರ್ಪಿನಲ್ಲಿ ಹೇಳಿತು.

ವೇದಿಕೆಯ ಲೆಕ್ಕ ಕಷ್ಟದ್ದೇನಲ್ಲ. ಗಾಲಿಕುರ್ಚಿಯ ಇಳಿಜಾರಿಗೆ ಒಪ್ಪಿತವಾದ ಅನುಪಾತ ಒಂದಕ್ಕೆ ಹನ್ನೆರಡು; ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಮೂರು ಅಡಿ ಎತ್ತರದ ವೇದಿಕೆಗೆ ಮೂವತ್ತಾರು ಅಡಿಯ ಇಳಿಜಾರು, ಮೇಲೆ ಕೆಳಗೆ ಕುರ್ಚಿ ತಿರುಗುವಷ್ಟು ಸಮತಟ್ಟಾದ ಜಾಗ, ಅಂಚಿಗೆ ಹಿಡಿಕೆ. ಕಟ್ಟಿ ಮುಗಿಸಿದ ಸಭಾಭವನದಲ್ಲಿ ಅಷ್ಟು ಉದ್ದಕ್ಕೆ ಜಾಗ ಹುಡುಕುವುದು ತೊಡಕಾಗುವುದರಿಂದಲೇ ಅವಸರಕ್ಕೆ ಹಲಗೆಯೊಂದನ್ನು ಒರಗಿಸಿ, ನಾಲ್ಕು ಜನ ಸೇರಿ ಕಲಾವಿದರನ್ನು ಕುರ್ಚಿಸಮೇತ ಎತ್ತುವ ದೃಶ್ಯವನ್ನು ನಾವು ಕಾಣುತ್ತೇವೆ. ಹಾಡುವ ಮೊದಲೇ ಸಭೆಯ ಮುಂದೆ ಸಾಮಾನಿನಂತೆ ಎತ್ತಲ್ಪಟ್ಟವರು ಯಾವ ಮನಸ್ಥಿತಿಯಲ್ಲಿ ಶ್ರುತಿ ಹಿಡಿಯಬೇಕು? ಮೂಳೆ ಸುಲಭವಾಗಿ ಮುರಿಯುವ ಲೀ ಅವರಂಥವರಿಗೆ ಹಾಗೆ ಎತ್ತುವುದು ನೇರವಾಗಿ ಅಪಾಯಕರವೂ ಹೌದು. ನಕ್ಷೆ ಬರೆಯುವಾಗಲೇ ವೇದಿಕೆಯ ಎತ್ತರವನ್ನು ಒಂದೂವರೆ ಅಡಿಗೆ ಇಳಿಸಿ, ಪ್ರೇಕ್ಷಕರ ಆಸನಗಳನ್ನು ಹಿಂದಕ್ಕೆ ಹೋದಂತೆ ಸ್ವಲ್ಪ ಏರಿಸಿದರೆ ಹದಿನೆಂಟು ಅಡಿಯ ಇಳಿಜಾರು ಸಾಕಾಗುತ್ತದೆ, ಅದನ್ನು ಪಕ್ಕದ ಗೋಡೆಗುಂಟ ನೇಪಥ್ಯದ ಕಡೆಯಿಂದ ತರಬಹುದು. ಹೊಸ ಕಟ್ಟಡದ ನಕ್ಷೆಗೆ ಅನುಮತಿ ಕೊಡುವಾಗಲೂ, ಮುಗಿದ ಕಟ್ಟಡಕ್ಕೆ ಪೂರ್ಣತಾ ಪತ್ರ ಕೊಡುವಾಗಲೂ ಇದನ್ನು ನೋಡಲೇಬೇಕೆಂದು ಅಧಿನಿಯಮದ 44ನೇ ಸೆಕ್ಷನ್ ಕಡ್ಡಾಯಗೊಳಿಸಿದೆ. ಕಾಸರಗೋಡಿನಿಂದ ಮಂಜೇಶ್ವರದವರೆಗಿನ ಪಂಚಾಯತುಗಳ ಸದಸ್ಯರು ಮುಂದಿನ ಸಭಾಭವನದ ನಕ್ಷೆ ತಮ್ಮ ಮೇಜಿಗೆ ಬಂದಾಗ ಮೊದಲು ವೇದಿಕೆಯ ಪುಟವನ್ನು ತೆರೆದು ಆ ಹದಿನೆಂಟು ಅಡಿ ಎಲ್ಲಿದೆಯೆಂದು ಕೇಳಲಿ.